ಹಲ್ಲಿನ ಸೆಟ್ಟು

"ಅಮ್ಮಾ, ಇವರು ಹಲ್ಲಿನ ಸೆಟ್ ಹಾಕ್ಕೊಳ್ತಿದ್ರಾ?"

ಡಾಕ್ಟರ್ ಯಮುನಾ ಹೀಗೆ ಕೇಳಿದಾಗ ಪಿಳ್ಳಮ್ಮನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. ಗಂಡನ ಮುಖದ ಮೂಳೆಗಳು ಏಳು ಕಡೆ ಮುರಿದಿವೆ ಎಂದು ಅದೇ ಡಾಕ್ಟರು ಈಗಷ್ಟೇ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದ್ದರು. ಮೂಗಿನ ಬುಡ, ಕಣ್ಣುಗಳ ಕೆಳಗಿನ ಅಂಚು, ಎಡಗೆನ್ನೆ, ಮೇಲ್ದವಡೆ, ಕೆಳದವಡೆಯಲ್ಲಿ ಎರಡು ಕಡೆ. ಅವರು ಬೆರಳಿಟ್ಟು ಒಂದೊಂದನ್ನೇ ತೋರಿಸುತ್ತಿದ್ದರೆ, ಕೈಜಾರಿ ಬಿದ್ದ ಮಡಕೆಯ ಚೂರುಗಳನ್ನು ಯಾರೋ ಎಣಿಸುತ್ತಿದ್ದ ಹಾಗಿತ್ತು. ಇಂಥ ಹೊತ್ತಿನಲ್ಲಿ ಹಲ್ಲಿನ ಸೆಟ್ಟಿನ ಮಾತೇಕೆ?

"ಆಕ್ಕೊಂತಿದ್ರು. ಮೇಲ್ದೂ ಕೆಳಗ್ದೂ ಎರಡೂ," ಎಂದಳು.

"ಅದು ಬೇಕಲ್ಲ ಅಮ್ಮ. ಗುರುವಾರದೊಳಗೆ ಹುಡುಕಿ ತಂದ್ಕೊಡಿ."

ಯಾಕೆಂದು ಡಾಕ್ಟರೇ ಬಿಡಿಸಿ ಹೇಳಿದರು. ಹಲ್ಲಿರುವವರ ದವಡೆ ಮುರಿದರೆ ಹಲ್ಲೇ ದಾರಿ ತೋರಿಸುತ್ತದೆ. ಮೇಲಿನ ಸಾಲು ಕೆಳಗಿನ ಸಾಲಿಗೆ ಮೊದಲಿನಂತೆ ಕೂತಿತೆಂದರೆ ಮೂಳೆಯೂ ತನ್ನ ಜಾಗಕ್ಕೆ ಬಂದಿದೆ ಎಂದರ್ಥ. ಅಲ್ಲಿಂದ ಮೇಲಕ್ಕೆ ಒಂದೊಂದೇ ಚೂರನ್ನು ಹೊಂದಿಸಿ, ಪುಟ್ಟ ಪುಟ್ಟ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಬಹುದು. ಆದರೆ ವೆಂಕಟರಮಣಪ್ಪನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಎಲ್ಲೆಲ್ಲಿ ಮುರಿದಿದೆ ಎಂದು ಸ್ಕ್ಯಾನು ಹೇಳೀತೇ ಹೊರತು, ಈ ಮನುಷ್ಯನ ಬಾಯಿ ಹೇಗೆ ಮುಚ್ಚುತ್ತಿತ್ತು ಎಂದು ಹೇಳದು. ಅದು ಗೊತ್ತಿರುವುದು ಆ ಸೆಟ್ಟಿಗೆ ಮಾತ್ರ. ಅದನ್ನೇ ದವಡೆಗಳಿಗೆ ತಂತಿಯಿಂದ ಕಟ್ಟಿ ಒಂದಕ್ಕೊಂದು ಕೂಡಿಸಿದರೆ ಮುಖದ ಅಳತೆ ಸಿಕ್ಕಂತೆ. ಇಲ್ಲದಿದ್ದರೆ ಈ ಊತದಲ್ಲಿ, ಈ ನೋವಿನಲ್ಲಿ ಹೊಸದಾಗಿ ಅಚ್ಚು ತೆಗೆಯಬೇಕು. ಅದು ಅಂದಾಜಿನ ಕೆಲಸ. ಮುಖ ಗಿಡ್ಡವಾಗಬಹುದು, ಬಾಯಿ ವಾರೆಯಾಗಬಹುದು. ಗುರುವಾರಕ್ಕಿಂತ ತಡ ಮಾಡಿದರೆ ಮೂಳೆಗಳು ಹೇಗೆಂದರೆ ಹಾಗೆ ಕೂಡಿಕೊಳ್ಳಲು ಶುರುವಾಗುತ್ತವೆ.

ಆ ದಿನ ಸೋಮವಾರ.

ವೆಂಕಟರಮಣಪ್ಪ ಲಗ್ಗೆರೆಯ ಹಳಬ. ಅವನಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಮೂರಂತಸ್ತಿನ ಮನೆ. ಮೇಲಿನ ಎರಡರಲ್ಲೂ ಪೀಣ್ಯದ ಕಾರ್ಖಾನೆಗಳಿಗೆ ಹೋಗಿಬರುವ ಬಾಡಿಗೆಯವರು. ಹೊಗೆಸೊಪ್ಪು ಜಗಿದು ಜಗಿದು ಅರವತ್ತೈದರ ಹೊತ್ತಿಗೆ ಅವನ ಹಲ್ಲೆಲ್ಲ ಉದುರಿದ್ದವು. ಮೂರು ವರ್ಷದ ಹಿಂದೆ ಮಗ ನರೇಶ ಹಟ ಹಿಡಿದು ಸೆಟ್ಟು ಮಾಡಿಸಿಕೊಟ್ಟ. ಮುದುಕನಿಗೆ ಅದು ಸೇರಲಿಲ್ಲ. ಈ ವಯಸ್ಸಿನಲ್ಲಿ ಎತ್ತಿಗೆ ಮೂಗುದಾರ ಹಾಕಿದಂತಾಯಿತು ಎಂದು ಗೊಣಗಿದ. ಆದರೆ ಪಿಳ್ಳಮ್ಮ ಬಿಡಬೇಕಲ್ಲ. ಬಾಡಿಗೆಯವರ ಮುಂದೆ, ನೆಂಟರಿಷ್ಟರ ಮುಂದೆ ಬೊಚ್ಚುಬಾಯಿ ಬಿಟ್ಟುಕೊಂಡು ಕೂರಕೂಡದು ಎಂಬುದು ಅವಳ ಕಟ್ಟಪ್ಪಣೆ. ಬೆಳಿಗ್ಗೆ ಕಾಫಿಗೆ ಮುಂಚೆ ಹಾಕಿಕೊಂಡರೆ ಮಲಗುವ ತನಕ ತೆಗೆಯುವ ಹಾಗಿರಲಿಲ್ಲ. ಹಾಗಾಗಿ ಅದು ಕಳೆದುಹೋಗುವ ವಸ್ತುವೇ ಅಲ್ಲ. ಅವನ ಬಾಯಲ್ಲೇ ಇರಬೇಕಿತ್ತು.

ಇರಲಿಲ್ಲ. ಹೋದ ಗುರುವಾರ ಮಧ್ಯಾಹ್ನ ಅವನನ್ನು ಆಸ್ಪತ್ರೆಗೆ ತಂದಾಗಲೇ ಬಾಯಿ ಬರಿದಾಗಿತ್ತು ಎಂದು ಅಲ್ಲಿನವರು ಕಾಗದದಲ್ಲಿ ಬರೆದಿಟ್ಟಿದ್ದರು. ಪೀಣ್ಯ ಎರಡನೇ ಹಂತದಲ್ಲಿ ಒಂದು ಶೆಡ್ಡಿನ ಗೇಟಿನಿಂದ ಹಿಂದಕ್ಕೆ ಬರುತ್ತಿದ್ದ ಗೂಡ್ಸ್ ಆಟೋ. ಅದರಿಂದ ಹೊರಕ್ಕೆ ಚಾಚಿದ್ದ ಕಬ್ಬಿಣದ ಪೈಪುಗಳು ನೇರ ಅವನ ಮುಖಕ್ಕೆ ಬಡಿದಿದ್ದವು. ಆಟೋದವನೇ ಅಳುತ್ತಾ ಎತ್ತಿ ಹಾಕಿಕೊಂಡು ಬಂದಿದ್ದ. ಉಸಿರಿಗೆ ತೊಡಕಾಗದಂತೆ ಡಾಕ್ಟರುಗಳು ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರು. ಜೀವಕ್ಕೆ ಭಯವಿಲ್ಲ, ಕಣ್ಣೂ ಉಳಿದಿವೆ ಎಂದು ಮಾರನೆಯ ದಿನ ಹೇಳಿದ ಮೇಲೆಯೇ ಪಿಳ್ಳಮ್ಮ ಒಂದು ಲೋಟ ಕಾಫಿ ಕುಡಿದದ್ದು. ದೇವಸ್ಥಾನದ ಕಟ್ಟೆಗೆ ಹೋಗಿಬರ್ತೀನಿ ಎಂದು ಗುರುವಾರ ಗುರುವಾರ ಹೊರಡುವವನು ಪೀಣ್ಯದಲ್ಲಿ ಏನು ಮಾಡುತ್ತಿದ್ದ ಎಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ.

ಸೋಮವಾರ ಸಂಜೆಯೇ ನರೇಶ ಶೆಡ್ಡಿನ ಹತ್ತಿರ ಹೋದ. ಅಲ್ಲಿನ ವಾಚ್‌ಮನ್ ಪೊರಕೆ ತಂದು ಗೇಟಿನ ಅಡಿಯೆಲ್ಲ ಗುಡಿಸಿಕೊಟ್ಟ. ಇಬ್ಬರೂ ಮೋರಿಯ ಕಲ್ಲು ಎತ್ತಿ ಕೋಲು ಹಾಕಿ ಕೆದಕಿದರು. ಕಬ್ಬಿಣದ ಚೂರು, ಗ್ರೀಸು ಮೆತ್ತಿದ ಬಟ್ಟೆ, ಯಾರದೋ ಒಂಟಿ ಚಪ್ಪಲಿ ಸಿಕ್ಕವು. ಇತ್ತ ಪಿಳ್ಳಮ್ಮ ಮನೆಯಲ್ಲಿ ದಿಂಬಿನ ಅಡಿ, ದೇವರ ಗೂಡು, ಬಚ್ಚಲಿನ ಕಿಟಕಿ ಎಲ್ಲ ತಡಕಿದಳು. ಬಾಡಿಗೆಯ ಹೆಂಗಸರೂ ಸೇರಿಕೊಂಡರು. ಒಬ್ಬಳು ನೀರಿನ ಸಂಪಿನೊಳಕ್ಕೂ ಟಾರ್ಚು ಬಿಟ್ಟು ನೋಡಿದಳು. ಪಿಳ್ಳಮ್ಮನಿಗೆ ಒಳಗೊಳಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಅದು ಇನ್ನಷ್ಟು ಹೆಚ್ಚುತ್ತಿತ್ತು.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಳಗೆ ಬಿಟ್ಟಾಗ ವೆಂಕಟರಮಣಪ್ಪ ಎಚ್ಚರವಾಗಿದ್ದ. ಊದಿದ ಮುಖದಲ್ಲಿ ಕಣ್ಣುಗಳು ಎರಡು ಗೀರುಗಳಾಗಿದ್ದವು. ಮಾತಾಡಲು ಆಗುತ್ತಿರಲಿಲ್ಲ, ಆದರೆ ಕೇಳಿಸುತ್ತಿತ್ತು. ನರ್ಸು ಒಂದು ಪುಸ್ತಕ, ಪೆನ್ನು ಕೊಟ್ಟಿದ್ದಳು. ಬಸ್ಸಿನಲ್ಲಿ ಬಿಟ್ಟೆಯಾ, ಹೋಟೆಲಿನಲ್ಲಿ ಬಿಟ್ಟೆಯಾ, ಕಟ್ಟೆಯ ಹತ್ತಿರ ಯಾರ ಕೈಗಾದರೂ ಕೊಟ್ಟೆಯಾ ಎಂದು ನರೇಶ ಒಂದೊಂದಾಗಿ ಕೇಳಿದ. ಒಂದೊಂದಕ್ಕೂ ಮುದುಕ ಕೈಯಾಡಿಸಿ ಇಲ್ಲ ಎಂದ. ಹಾಗಾದರೆ ಪೀಣ್ಯಕ್ಕೆ ಯಾಕೆ ಹೋಗಿದ್ದೆ ಅಪ್ಪಾ ಎಂದಾಗ ಮಾತ್ರ ಕಣ್ಣು ಮುಚ್ಚಿಕೊಂಡುಬಿಟ್ಟ.

ನಲವತ್ತೆಂಟು ವರ್ಷ ಬಾಳಿದ ಹೆಂಡತಿಗೆ ಅದು ನಿದ್ದೆಯ ಕಣ್ಣಲ್ಲ ಎಂದು ಗೊತ್ತಾಗದೆ ಇರುತ್ತದೆಯೇ. ಔಷಧಿ ತರುವ ನೆಪದಲ್ಲಿ ಮಗನನ್ನು ಆಚೆ ಕಳಿಸಿ ಸ್ಟೂಲನ್ನು ಮಂಚಕ್ಕೆ ಎಳೆದುಕೊಂಡಳು.

"ನೋಡಿ, ನಾನು ಬಯ್ಯಾಕಿಲ್ಲ. ಎಲ್ಲಿ ಬಿಟ್ರಿ ಯೋಳಿ."

ಅವನು ಕೈ ಚಾಚಿದ. ಅವಳು ಪೆನ್ನನ್ನು ಬೆರಳುಗಳ ನಡುವೆ ಸಿಕ್ಕಿಸಿ ಪುಸ್ತಕ ಹಿಡಿದುಕೊಂಡಳು. ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಕಣ್ಣು ಕಾಣದೆ, ಸ್ಲೇಟಿನ ಮೇಲೆ ತಿದ್ದುವ ಮಗುವಿನ ಹಾಗೆ ದಪ್ಪ ಅಕ್ಷರದಲ್ಲಿ ಬರೆದ. ಎರಡೇ ಅಕ್ಷರ.

ತಮ್ಮ.

ಪಿಳ್ಳಮ್ಮ ಅದನ್ನು ಓದಿ, ಪುಸ್ತಕ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು ಕೂತಳು.

ವೆಂಕಟರಮಣಪ್ಪನಿಗೆ ಇದ್ದವನು ಒಬ್ಬನೇ ತಮ್ಮ, ನಲ್ಲಪ್ಪ. ಪಾಲಾದ ಮೇಲೆ ಪೀಣ್ಯದ ಶೆಡ್ಡುಗಳ ಹಿಂದಿನ ಹಳೇ ಊರಿನಲ್ಲಿ ಮನೆ ಮಾಡಿಕೊಂಡಿದ್ದ. ನಡಕೊಂಡು ಹೋದರೂ ಮುಕ್ಕಾಲು ಗಂಟೆಯ ದಾರಿ. ಆದರೂ ಹದಿನಾರು ವರ್ಷದಿಂದ ಎರಡು ಮನೆಗಳಿಗೂ ಹೋಗುಬರವಿರಲಿಲ್ಲ. ಪಿಳ್ಳಮ್ಮನ ಮಗಳು ವೇಣಿಯ ಮದುವೆಯಲ್ಲಿ ಕೆಟ್ಟದ್ದು ಅದು. ಮದುವೆಗೆ ಮೊದಲು ಕರೆಯಬೇಕಾದದ್ದು ಒಡಹುಟ್ಟಿದವನ ಮನೆಯನ್ನು. ಗಂಡ ಹೆಂಡತಿ ಇಬ್ಬರೂ ಹೋಗಿ ಕುಂಕುಮ ಇಟ್ಟು ಕರೆಯಬೇಕು. ಪಿಳ್ಳಮ್ಮ ಬಾಡಿಗೆಯವನೊಬ್ಬನ ಕೈಲಿ ಲಗ್ನಪತ್ರಿಕೆ ಕಳಿಸಿದಳು. ಪುರುಸೊತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದಳು. ಪುರುಸೊತ್ತಿತ್ತು. ಪಾಲಿನ ಕಾಲಕ್ಕೆ ಒರಳುಕಲ್ಲು ಯಾರಿಗೆ ಎಂಬ ಮಾತಿನಲ್ಲಿ ನಲ್ಲಪ್ಪನ ಹೆಂಡತಿ ಭಾಗ್ಯಮ್ಮ ಏನೋ ಅಂದಿದ್ದಳು. ಅದನ್ನು ಪಿಳ್ಳಮ್ಮ ಮನಸ್ಸಿನಲ್ಲಿಟ್ಟುಕೊಂಡಿದ್ದಳು ಅಷ್ಟೆ. ನಲ್ಲಪ್ಪನ ಮನೆಯವರು ಮದುವೆಗೆ ಬರಲಿಲ್ಲ. ಹುಡುಗಿಯ ಚಿಕ್ಕಪ್ಪ ಎಲ್ಲಿ ಎಂದು ಬೀಗರು ಚಪ್ಪರದಲ್ಲಿ ಕೇಳಿದಾಗ ತಲೆ ತಗ್ಗಿಸಿದ ಪಿಳ್ಳಮ್ಮ, ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ, ತನ್ನ ಮನೆಯವರೂ ತುಳಿಯಕೂಡದು ಎಂದುಬಿಟ್ಟಳು. ಗಂಡ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಔಷಧಿ ತಂದ ನರೇಶ ವಿಷಯ ತಿಳಿದು, ನೀನಿಲ್ಲೇ ಇರು, ನಾನು ಹೋಗಿ ತರ್ತೀನಿ ಎಂದ.

"ನಾನೇ ಓಗ್ಬೇಕು ಕಣಪ್ಪ. ನೀನು ಕರ್ಕೊಂಡೋಗು ಸಾಕು," ಎಂದಳು ಪಿಳ್ಳಮ್ಮ.

ಐದು ದಿನದಿಂದ ಆಸ್ಪತ್ರೆ, ಮನೆ ಎಂದು ಅಲೆದು ಅವಳ ಸೀರೆ ಮುದುರಿಹೋಗಿತ್ತು. ತಲೆ ಬಾಚಿರಲಿಲ್ಲ. ಸಂಬಂಧಿಕರ ಮನೆಗೆ ಬರಿಗೈಲಿ ಹೋಗಬಾರದೆಂದು ಸ್ಕೂಟರಿನ ಮೇಲೆ ಕೂತಾಗ ನೆನಪಾಯಿತು. ಆದರೆ ಏನು ತೆಗೆದುಕೊಳ್ಳಬೇಕೆಂದು ಹೊಳೆಯದೆ ಸುಮ್ಮನಾದಳು. ದಾರಿಯುದ್ದಕ್ಕೂ ಶೆಡ್ಡುಗಳಲ್ಲಿ ಕಬ್ಬಿಣ ಕೊಯ್ಯುವ ಸದ್ದು, ಸುಟ್ಟ ಎಣ್ಣೆಯ ವಾಸನೆ. ಮುದುಕ ವಾರವಾರವೂ ಈ ದಾರಿಯಲ್ಲಿ ಬಂದಿರಬೇಕು ಎಂದುಕೊಂಡಳು. ಬಯ್ಯಬೇಕಾದ ಮಾತುಗಳೆಲ್ಲ ಒಂದೊಂದಾಗಿ ಬಾಯಿಗೆ ಬಂದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು.

ಭಾಗ್ಯಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗೇಟಿನಲ್ಲಿ ನಿಂತವಳನ್ನು ನೋಡಿ ಅವಳ ಕೈಯಲ್ಲಿದ್ದ ಪಂಚೆ ಹಾಗೆಯೇ ನಿಂತಿತು. ಕೂದಲು ನರೆತಿದ್ದರೂ ಮುಖ ಹಾಗೇ ಇತ್ತು.

"ಬನ್ನಿ ಅಕ್ಕ," ಎಂದಳು. ಅದರ ಹಿಂದೆಯೇ, ಹೆದರಿದ ದನಿಯಲ್ಲಿ, "ಬಾವ ಎಲ್ಲಿ?" ಎಂದಳು.

ಪಿಳ್ಳಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಒಳಗಿನಿಂದ ನಲ್ಲಪ್ಪ ಗೋಡೆ ಹಿಡಿದುಕೊಂಡು ಬಂದ. ಅವನ ಎಡಗೈ ಒಣಗಿದ ಕೊಂಬೆಯಂತೆ ಮೈಗೆ ಅಂಟಿಕೊಂಡಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದಿದ್ದಂತೆ. ಆ ಸುದ್ದಿ ಪಿಳ್ಳಮ್ಮನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ವೆಂಕಟರಮಣಪ್ಪ ಒಂದು ಗುರುವಾರ ಬಂದು ಮಂಚದ ಪಕ್ಕ ಕೂತನಂತೆ, ಅಲ್ಲಿಂದ ಮುಂದೆ ಒಂದು ಗುರುವಾರವೂ ತಪ್ಪಿಸಲಿಲ್ಲವಂತೆ. ಬರುವಾಗ ಎರಡು ಎಳನೀರು ತರುವುದು, ತಮ್ಮನಿಗೆ ಎಣ್ಣೆ ತಿಕ್ಕಿ ಅಂಗಳದಲ್ಲಿ ಹತ್ತು ಸುತ್ತು ನಡೆಸುವುದು, ಇಬ್ಬರೂ ಎದುರುಬದುರು ಕೂತು ಮುದ್ದೆ ಉಣ್ಣುವುದು. ಉಣ್ಣುವಾಗ ಹಲ್ಲು ತೆಗೆದು ಲೋಟದಲ್ಲಿ ಹಾಕುತ್ತಿದ್ದನಂತೆ. ನುಂಗೋ ಮುದ್ದೆಗೆ ಹಲ್ಲ್ಯಾಕೆ ಎನ್ನುತ್ತಿದ್ದನಂತೆ. ಹೋದ ಗುರುವಾರ ಮರೆತು ಹೊರಟುಹೋದ. ತಿರುಗಿ ಬರುತ್ತಾನೆಂದು ಇವರು ಸಂಜೆಯವರೆಗೆ ಕಾದರು. ಫೋನು ಮಾಡಿದರೆ ಸ್ವಿಚಾಫ್. ಮನೆಗೆ ಬಂದು ಕೇಳಲು ದಾರಿಯಿರಲಿಲ್ಲ.

ಭಾಗ್ಯಮ್ಮ ಅಡಿಗೆಮನೆಯಿಂದ ಸ್ಟೀಲಿನ ಲೋಟ ತಂದಳು. ಮೇಲೆ ಒಂದು ತಟ್ಟೆ ಮುಚ್ಚಿತ್ತು. ತಿಳಿನೀರಿನಲ್ಲಿ ಎರಡು ಸಾಲು ಹಲ್ಲು.

"ದಿನಾ ನೀರು ಬದಲಾಯಿಸ್ದೆ ಅಕ್ಕ. ಒಣಗಿದ್ರೆ ಸೀಳು ಬಿಡ್ತದೆ ಅಂತ ಬಾವನೇ ಅಂತಿದ್ರು."

ಪಿಳ್ಳಮ್ಮ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತನ್ನ ಮಾತಿಗೆ ಗಂಡ ಇಷ್ಟು ಹೆದರಿದನಲ್ಲ ಎಂದು ನಾಚಿಕೆಯಾಯಿತು. ಅದರ ಜೊತೆಗೇ, ವಾರಕ್ಕೊಂದು ದಿನವಾದರೂ ಅವನಿಗೆ ಬಾಯಿ ಬಿಟ್ಟುಕೊಂಡು ಕೂರಲು ಒಂದು ಜಾಗವಿತ್ತಲ್ಲ ಎಂದು ಎಲ್ಲಿಂದಲೋ ಒಂದು ನೆಮ್ಮದಿಯೂ ಬಂತು. ನರೇಶ ಹಾರ್ನ್ ಮಾಡಿದ. ಅವಳು ಎರಡು ಹೆಜ್ಜೆ ಹೋಗಿ ತಿರುಗಿದಳು.

"ಗುರುವಾರ ಬೆಳಿಗ್ಗೆ ಆಪ್ರೇಸನ್ನು. ಇಬ್ರೂ ಬನ್ನಿ," ಎಂದಳು. "ನಾನೇ ಕರೀತಿದೀನಿ."

ಡಾಕ್ಟರ್ ಯಮುನಾ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸಿ, ಒಂದಿಷ್ಟೂ ಅಲುಗದಂತೆ ಹೊಂದಿದ್ದು ಕಂಡು ತಲೆಯಾಡಿಸಿದರು. ಇದಕ್ಕೆ ತಂತಿಯ ತೂತು ಕೊರೆಯಬೇಕು, ಗಂಜಿ ಕುಡಿಯಲು ಜಾಗ ಬೇಕೆಂದು ಮುಂದಿನ ನಾಲ್ಕು ಹಲ್ಲು ಕತ್ತರಿಸಬೇಕು, ಆಮೇಲೆ ಇದು ಸೆಟ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿದರು. ಅವರಿಗೂ ಅದೇ ಬೇಕಿತ್ತು ಬಿಡಿ ಎಂದಳು ಪಿಳ್ಳಮ್ಮ. ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಸಾಲು ಕುರ್ಚಿಗಳಲ್ಲಿ ನಾಲ್ಕೂ ಜನ ಕೂತರು. ಹತ್ತಾಯಿತು, ಹನ್ನೊಂದಾಯಿತು. ಒಳಗೆ ಮೊದಲು ದವಡೆ, ಆಮೇಲೆ ಕೆನ್ನೆ, ಕೊನೆಗೆ ಮೂಗು ಎಂದು ನರೇಶ ಎಲ್ಲರಿಗೂ ವಿವರಿಸಿದ. ನಲ್ಲಪ್ಪ ಒಂದೊಂದಕ್ಕೂ ತನ್ನ ಮುಖ ಮುಟ್ಟಿ ನೋಡಿಕೊಂಡ. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಟೀ ಕುಡಿಯಲು ಕೆಳಗಿಳಿದರು. ಹೆಂಗಸರಿಬ್ಬರೇ ಉಳಿದರು.

"ವೇಣಿ ಮದ್ವೆಗೆ ನಾನೇ ಬಂದು ಕರೀಬೇಕಿತ್ತು," ಎಂದಳು ಪಿಳ್ಳಮ್ಮ, ಎದುರಿನ ಬಾಗಿಲನ್ನು ನೋಡುತ್ತಾ.

ಭಾಗ್ಯಮ್ಮ ಸೆರಗಿನ ತುದಿಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ಆವತ್ತು ಬೆಳಿಗ್ಗೆ ಅಸ್ರು ಸೀರೆ ಉಟ್ಕೊಂಡು ಜಗಲಿ ಮ್ಯಾಲೆ ಕೂತಿದ್ದೆ ಅಕ್ಕ. ಯಾರಾನಾ ಬಂದು ಬಾ ಅಂದ್ರೆ ಎದ್ದು ಬಂದ್ಬಿಡಾನ ಅಂತ. ಅನ್ನೊಂದು ಗಂಟೆ ಗಂಟ ಕೂತಿದ್ದೆ."

ಪಿಳ್ಳಮ್ಮನಿಗೆ ಆ ಬೆಳಗು ಚೆನ್ನಾಗಿ ನೆನಪಿತ್ತು. ಹತ್ತೂ ನಲವತ್ತಕ್ಕೆ ಧಾರೆ. ಮಗಳ ಕೈ ಹಿಡಿದು ನಿಂತಿದ್ದಾಗಲೂ ಅವಳ ಕಣ್ಣು ಮತ್ತೆ ಮತ್ತೆ ಛತ್ರದ ಬಾಗಿಲ ಕಡೆಗೇ ಹೋಗುತ್ತಿತ್ತು. ಹೂವಿನವಳು ಬಂದರೂ, ಹಾಲಿನವನು ಬಂದರೂ ಕತ್ತು ಎತ್ತಿ ನೋಡುತ್ತಿದ್ದಳು. ಅದನ್ನು ಅವಳು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು. ಹೇಳಿ ಮುಗಿಸಿದ ಮೇಲೆ ಇಬ್ಬರಿಗೂ ಹಸಿವಾಗಿದೆ ಎಂದು ಗೊತ್ತಾಯಿತು. ಮನೆಯಿಂದ ತಂದಿದ್ದ ಇಡ್ಲಿಯ ಡಬ್ಬಿ ಬಿಚ್ಚಿ, ಮುಚ್ಚಳದಲ್ಲೊಂದು, ಡಬ್ಬಿಯಲ್ಲೊಂದು ಇಟ್ಟುಕೊಂಡು ತಿಂದರು.

ಮೂರೂವರೆಗೆ ಡಾಕ್ಟರು ಟೋಪಿ ತೆಗೆಯುತ್ತಾ ಹೊರಬಂದರು. ಹಣೆಯ ಮೇಲೆ ಟೋಪಿಯ ಗೆರೆ ಮೂಡಿತ್ತು. ಎಲ್ಲ ಚೂರುಗಳೂ ಜಾಗಕ್ಕೆ ಕೂತಿವೆ, ಬಾಯಿಯ ಅಳತೆ ಸಿಕ್ಕಿದ್ದರಿಂದ ಮೇಲಿನದೆಲ್ಲ ಸಲೀಸಾಯಿತು ಎಂದರು. ಪಿಳ್ಳಮ್ಮ ಕೈ ಮುಗಿಯಲು ಹೋದಳು, ಕೈಯಲ್ಲಿ ಡಬ್ಬಿಯಿತ್ತು.

ಹತ್ತು ದಿನ ಕಳೆದು ಊತ ಇಳಿದ ಮೇಲೆ ನಲ್ಲಪ್ಪ ಮಂಚದ ಪಕ್ಕ ನಿಂತು ಅಣ್ಣನ ಮುಖವನ್ನು ಆ ಕಡೆಯಿಂದ, ಈ ಕಡೆಯಿಂದ ಬಗ್ಗಿ ನೋಡಿದ. ಎಲ್ಲ ಸರಿಯಾಗಿದೆ, ಮೂಗೊಂದು ಸರಿಯಿಲ್ಲ ಎಂದ. ಡಾಕ್ಟರ್ ಯಮುನಾ ಗಾಬರಿಯಿಂದ ಹತ್ತಿರ ಬಂದರು.

"ನಮ್ಮಣ್ಣನ ಮೂಗು ಬಲಕ್ಕೆ ಸೊಟ್ಟ ಇತ್ತು ಮೇಡಂ. ಚಿಣ್ಣಿದಾಂಡು ಆಡೋವಾಗ ನಾನೇ ಒಡ್ದಿದ್ದು. ನೀವು ನೆಟ್ಟಗೆ ಮಾಡ್ಬಿಟ್ಟಿದೀರ."

ತಂತಿ ಬಿಗಿದ ಬಾಯಿಯಿಂದ ವೆಂಕಟರಮಣಪ್ಪ ನಗುವಂತಿರಲಿಲ್ಲ. ಹೊಟ್ಟೆ ಮಾತ್ರ ಹೊದಿಕೆಯ ಕೆಳಗೆ ಕುಲುಕಿತು. ಡಾಕ್ಟರು ತಿರುಗಿ ನಿಂತು ಮೂಗು ಒರೆಸಿಕೊಂಡರು.

ನಾಲ್ಕು ವಾರ ಅವನು ಸ್ಟ್ರಾದಲ್ಲೇ ಬದುಕಿದ. ರಾಗಿ ಅಂಬಲಿ, ಬೇಳೆಕಟ್ಟು, ಸೋಸಿದ ಹಣ್ಣಿನ ರಸ. ಲಗ್ಗೆರೆಯಿಂದ ಒಂದು ಫ್ಲಾಸ್ಕು, ಪೀಣ್ಯದಿಂದ ಒಂದು ಫ್ಲಾಸ್ಕು. ಯಾರದು ಚೆನ್ನಾಗಿದೆ ಎಂದು ಬರೆದು ಹೇಳೆಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದ. ಗಂಟಲಿನ ತೂತು ಮುಚ್ಚಿತು. ಜನವರಿಯ ಮೊದಲ ವಾರ ತಂತಿ ಬಿಚ್ಚಿದರು. ಕೆಳತುಟಿಗೆ ಇನ್ನೂ ಜೋಮು ಹಿಡಿದಂತಿದೆ, ಅದು ನಿಧಾನವಾಗಿ ಹೋಗುತ್ತದೆ ಎಂದರು. ಹೊಸ ಸೆಟ್ಟಿನ ಅಳತೆಗೆ ಮೂರು ತಿಂಗಳು ಬಿಟ್ಟು ಬನ್ನಿ ಎಂದಾಗ ಮುದುಕ ಹೆಂಡತಿಯ ಮುಖ ನೋಡಿದ.

"ಅರ್ಜೆಂಟೇನಿಲ್ಲ ಮೇಡಂ," ಎಂದಳು ಪಿಳ್ಳಮ್ಮ. "ಅವ್ರಿಗೆ ಬೇಕು ಅನ್ನಿಸ್ದಾಗ ಬತ್ತೀವಿ."

ಮುಂದಿನ ಗುರುವಾರ ನಲ್ಲಪ್ಪನೂ ಭಾಗ್ಯಮ್ಮನೂ ಆಟೋ ಮಾಡಿಕೊಂಡು ಲಗ್ಗೆರೆಗೆ ಬಂದರು. ಜೊತೆಯಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ. ತಾರಸಿಯ ಮೇಲೆ ಬಿಸಿಲು ಹದವಾಗಿತ್ತು. ಅಣ್ಣತಮ್ಮಂದಿರಿಬ್ಬರೂ ನೀರಿನ ಟ್ಯಾಂಕಿನ ಗೋಡೆಗೆ ಒರಗಿ, ಕಾಲು ಚಾಚಿ, ಅಲ್ಲಿಂದ ಕಾಣುವ ಮನೆಗಳಲ್ಲಿ ಯಾವುದು ಯಾರ ಹೊಲದ ಮೇಲಿದೆ ಎಂದು ಗುರುತು ಹಿಡಿಯುತ್ತಿದ್ದರು. ಒಬ್ಬನ ಮಾತು ಬೊಚ್ಚುಬಾಯಿಯದು, ಇನ್ನೊಬ್ಬನದು ಲಕ್ವದ ನಾಲಿಗೆಯದು. ಇಬ್ಬರಿಗೂ ಅದು ತೊಂದರೆಯಾದಂತೆ ಕಾಣಲಿಲ್ಲ.

ಹೆಂಗಸರು ನಡುವೆ ಅಗಲದ ಬೇಸಿನ್ ಇಟ್ಟುಕೊಂಡು ಬೆಳಿಗ್ಗೆಯೇ ಬಿಡಿಸಿ ಬಿಸಿನೀರಿನಲ್ಲಿ ನೆನೆಹಾಕಿದ್ದ ಕಾಳು ಹಿಸುಕಲು ಕೂತರು. ಹಿತಕಿದ ಬೇಳೆಯ ಸಾರಾದರೆ ಎಲ್ಲರೂ ಉಣ್ಣಬಹುದು. ಹೆಬ್ಬೆರಳು ಒತ್ತಿದರೆ ಕಾಳು ಪುಟಕ್ಕನೆ ಜಾರಿ ಬೇಸಿನ್ನಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು. ಒಂದು ಸಿಪ್ಪೆ ಹಾರಿ ಪಿಳ್ಳಮ್ಮನ ಮೊಣಕೈಗೆ ಅಂಟಿಕೊಂಡಿತು. ಅವಳಿಗೆ ಗೊತ್ತಾಗಲಿಲ್ಲ. ಭಾಗ್ಯಮ್ಮ ಕೈ ಚಾಚಿ ಅದನ್ನು ಬಿಡಿಸಿ ರಾಶಿಗೆ ಹಾಕಿ, ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು.